ಮನೆಯಲ್ಲಿ ಯಾರೂ ಇಲ್ಲ

ಆಗಸ್ಟ್ 3, ಶನಿವಾರ

ಅರಬ್ಬರ ನಾಡಿನ ಖಲೀಫಾ ಸಿಟಿಯ ಈ ವಿಲ್ಲಾದ ಸಮಸ್ತ ಪ್ರಜೆಗಳಿಗೆ, ಬಚ್ಚಲಿನ ಜಿರಳೆಗಳೂ ಸೇರಿದಂತೆ, ತಿಳಿಯಪಡಿಸುವುದೇನೆಂದರೆ: ಕಾರ್ಕಳದ ಮೋಹನದಾಸನೆಂಬ ನಾನು ಇಂದು ಬೆಳಿಗ್ಗೆ ಅಡುಗೆಮನೆಯಲ್ಲಿ ನಡೆದ ಸರ್ವಪಕ್ಷ ಸಭೆಯಲ್ಲಿ ಚಪ್ಪಲಿ ಖಾತೆಯ ಸಚಿವನಾಗಿ ಅವಿರೋಧವಾಗಿ ಆಯ್ಕೆಯಾಗಿದ್ದೇನೆ. ಪ್ರತಿಸ್ಪರ್ಧಿ ಇರಲಿಲ್ಲ. ಸಂಬಳವೂ ಇಲ್ಲ. ಹಿಂದಿನ ಸಚಿವ ಧನುಷ್ ಮುಸಫ್ಫಾದಲ್ಲಿ ಬೇರೆ ರೂಮು ಹಿಡಿದು ಹೋದದ್ದರಿಂದ ಸ್ಥಾನ ತೆರವಾಗಿತ್ತು.

ಖಾತೆಯ ಮಹತ್ವ ಸಾಮಾನ್ಯರಿಗೆ ತಿಳಿಯುವುದಿಲ್ಲ. ಹೊರಗಿನಿಂದ ನೋಡಿದರೆ ಇದು ಒಂದು ಸಂಸಾರದ ಮನೆ. ಕಾನೂನಿಗೂ ಅಷ್ಟೇ ಗೊತ್ತು, ಒಂದು ವಿಲ್ಲಾ, ಒಂದು ಸಂಸಾರ. ಒಳಗೆ ಮಾತ್ರ ಪ್ಲೈವುಡ್ಡಿನ ಗೋಡೆಗಳ ನಡುವೆ ಎಂಟು ಸಂಸಾರ. ಒಬ್ಬರು ಮೀನು ಹುರಿದರೆ ಎಂಟು ಸಂಸಾರಕ್ಕೂ ಊಟ ಸೇರುತ್ತದೆ. ಹಿರಿಯಡ್ಕದ ಪೃಥ್ವಿರಾಜ್ ಮಾಲೀಕರಿಂದ ಇಡೀ ಮನೆಯನ್ನು ಕರಾರಿಗೆ ಪಡೆದು, ತುಂಡು ಮಾಡಿ ನಮಗೆ ಕೊಟ್ಟಿದ್ದಾನೆ. ಕರೆಂಟ್ ಮೀಟರು ಅವನ ಹೆಸರಿನಲ್ಲಿದೆ. ಅವನ ಉಪದೇಶ ಒಂದೇ: "ಅಂಕಲ್, ಗುರುತಿಲ್ಲದವರು ಬೆಲ್ ಮಾಡಿದ್ರೆ ಬಾಗಿಲು ತೆಗೀಬೇಡಿ. ಮನೆಯಲ್ಲಿ ಯಾರೂ ಇಲ್ಲ, ಖಲಾಸ್."

ಹಾಗಾಗಿ ಬೆಲ್ ಆದ ಕೂಡಲೇ ಚಪ್ಪಲಿ ಸಚಿವರು ಬರಿಗಾಲಲ್ಲಿ ಓಡಿ ಬಾಗಿಲ ಹೊರಗಿನ ಅಷ್ಟೂ ಚಪ್ಪಲಿಗಳನ್ನು ಒಳಗೆ ಸಾಗಿಸಬೇಕು. ಎಂಟು ರೂಮಿನ ಎಸಿಗಳೂ ಟೀವಿಗಳೂ ಬಂದ್ ಆಗಬೇಕು. ಮಕ್ಕಳ ಬಾಯಿಗೆ ಬಿಸ್ಕತ್ತು ಬೀಳಬೇಕು. ಇಪ್ಪತ್ತು ವರ್ಷದಿಂದ ಸ್ಟೇಷನರಿ ಕಂಪನಿಯ ಲೆಕ್ಕಪತ್ರದ ಮೂಲೆಯಲ್ಲಿ, ಇದ್ದೂ ಇಲ್ಲದಂತೆ ಕುಳಿತು ಪಳಗಿದ ನನಗಿಂತ ಅರ್ಹರು ಯಾರು?

ಈ ರಾಜ್ಯದಲ್ಲಿ ಮಾತು ಕೇಳದ ಪ್ರಜೆ ಒಂದೇ, ಸ್ವರ್ಣಲತಾಳ ಆಕ್ಸಿಜನ್ ಮಿಷನ್. ನನ್ನ ಹೆಂಡತಿಯ ಶ್ವಾಸಕೋಶ ಎರಡು ವರ್ಷದಿಂದ ಗಟ್ಟಿಯಾಗುತ್ತಾ ಬಂದಿದೆ. ಹಗಲೂ ರಾತ್ರಿಯೂ ಆ ಮಿಷನ್ನಿನ ನಳಿಕೆ ಮೂಗಿನಲ್ಲಿರಬೇಕು. ಅದೋ, ಗ್ರೈಂಡರಿನಲ್ಲಿ ಉದ್ದು ತಿರುಗಿದ ಹಾಗೆ ಸದ್ದು ಮಾಡುತ್ತದೆ. ಸಭೆಯಲ್ಲಿ ಈ ವಿಷಯ ಬಂತು. ಬೆಲ್ ಆದಾಗ ಅದನ್ನೂ ಒಂದಿಷ್ಟು ಹೊತ್ತು ಆಫ್ ಮಾಡಲು ನಾನು ಉದಾರವಾಗಿ ಒಪ್ಪಿಕೊಂಡೆ.

ರೂಮಿಗೆ ಬಂದು ಹೇಳಿದಾಗ ಅವಳು ಕೊತ್ತಂಬರಿ ಬಿಡಿಸುತ್ತಿದ್ದಳು.

"ನನ್ನ ಉಸಿರಿಗೆ ನೀವು ಮಾತು ಕೊಟ್ಟು ಬಂದ್ರಾ?"

"ಸ್ವಲ್ಪ ಹೊತ್ತು, ಅಷ್ಟೇ."

"ಮತ್ತೆಂತಕ್ಕೆ ಸ್ವಲ್ಪ. ಪೂರ್ತಿ ಕೊಡ್ಬಹುದಿತ್ತು," ಎಂದಳು.

ಸಚಿವರ ಮನೆಯಲ್ಲಿ ಸಚಿವರಿಗೆ ಗೌರವವಿಲ್ಲ.

ಆಗಸ್ಟ್ 6, ಮಂಗಳವಾರ

ಅಧಿಕಾರ ವಹಿಸಿಕೊಂಡ ವಾರದೊಳಗೇ ಮೊದಲ ಪರೀಕ್ಷೆ. ಮಧ್ಯಾಹ್ನದ ಬಿಡುವಿಗೆ ಮನೆಗೆ ಬಂದು ಊಟಕ್ಕೆ ಕೂತಿದ್ದೆ, ಬೆಲ್ ಆಯಿತು. ಎದುರು ರೂಮಿನ ಮುಝಫ್ಫರ್ ಪರದೆ ಸಂದಿಯಿಂದ ಇಣುಕಿ ಪಿಸುಗುಟ್ಟಿದ: "ದಾಸಣ್ಣ, ಯೂನಿಫಾರ್ಮ್. ಕೈಯಲ್ಲಿ ಟ್ಯಾಬ್ ಉಂಟು." ಮುಝಫ್ಫರ್ ಭಟ್ಕಳದವನು, ಮಾರ್ಕೆಟ್ಟಿನಲ್ಲಿ ಹೆಂಗಸರ ಕಪ್ಪು ನಿಲುವಂಗಿ, ಅಬಾಯಾದ ಅಂಗಡಿ. ಹೆಂಡತಿ ನಫೀಸ, ಮಗಳು ಹುದಾ.

ನಾನು ಚಪ್ಪಲಿಗಳನ್ನು ಲುಂಗಿಯಲ್ಲಿ ಕಟ್ಟಿ ತಂದ ವೇಗವನ್ನು ಇತಿಹಾಸ ದಾಖಲಿಸಬೇಕು. ಎಸಿಗಳು ನಿಂತವು. ನಾನು ರೂಮಿಗೆ ಬಂದು ಮಿಷನ್ ಆಫ್ ಮಾಡಿದೆ. ಆಕ್ಸಿಜನ್ನಿನ ಸಣ್ಣ ಸಿಲಿಂಡರ್ ಒಂದಿದೆ, ಆದರೆ ಕಳೆದ ವಾರ ಎಲ್ಲರೂ ಒಟ್ಟಿಗೆ ಕರೆಂಟ್ ಒಲೆ ಹಚ್ಚಿ ಲೈನ್ ಟ್ರಿಪ್ ಆದಾಗ ಖಾಲಿಯಾಗಿತ್ತು. ತುಂಬಿಸುವ ಗಾಡಿ ಮುಂದಿನ ಗೇಟಿಗೆ ಬಂದರೆ ಅಕ್ಕಪಕ್ಕದವರು ನೋಡುತ್ತಾರೆಂದು ನಾನೇ ಮುಂದೂಡಿದ್ದೆ.

ಬೆಲ್ ಮತ್ತೆ. ಮತ್ತೆ. ಎಂತಹ ನಿಷ್ಠಾವಂತ ಮನುಷ್ಯ. ಆಮೇಲೆ ಮನೆಗೆ ಒಂದು ಸುತ್ತು ಬಂದ. ಅವನ ನೆರಳು ನಮ್ಮ ಕಿಟಕಿಯ ಪರದೆ ಮೇಲೆ ನಿಂತಿತು. ಗಾಜಿಗೆ ಎರಡು ಸಲ ಬಡಿದ.

ಸ್ವರ್ಣಾಳ ಬೆರಳಿಗೆ ಸಿಕ್ಕಿಸಿದ ಆಕ್ಸಿಜನ್ ಅಳೆಯುವ ಕ್ಲಿಪ್ಪಿನಲ್ಲಿ ಅಂಕೆ ಇಳಿಯುತ್ತಿತ್ತು. ತೊಂಬತ್ತರ ಕೆಳಗೆ ಬಂತು, ಇನ್ನೂ ಕೆಳಗೆ ಹೋಯಿತು. ಉಗುರು ನೇರಳೆ ಹಣ್ಣಿನ ಬಣ್ಣ. ಅವಳು ಬಾಯಿ ತೆರೆದು ಗಾಳಿ ಎಳೆಯತೊಡಗಿದಳು. ಆ ಎಳೆತಕ್ಕೆ ಸದ್ದಿತ್ತು.

ನಾನು ತುಟಿಯ ಮೇಲೆ ಬೆರಳಿಟ್ಟೆ.

ನನ್ನ ಹೆಂಡತಿಗೆ. ಉಸಿರಾಡಿದ್ದಕ್ಕೆ.

ಅವನು ಹೋದ. ಮಿಷನ್ ಹಾಕಿದೆ. ಹೊರಗೆ ಅಡುಗೆಮನೆಯಲ್ಲಿ ಚಪ್ಪಾಳೆ: ಚಪ್ಪಲಿ ಖಾತೆಗೆ ಜಯವಾಗಲಿ. ಸ್ವರ್ಣಾಗೆ ಮಾತು ಬರಲು ತುಂಬ ಹೊತ್ತು ಹಿಡಿಯಿತು. ಬಂದ ಮೇಲೆ ಕೇಳಿದಳು: "ಸತ್ರೂ ಸದ್ದು ಮಾಡದೆ ಸಾಯ್ಬೇಕಾ ಮಾರಾಯ್ರೆ, ಈ ಮನೆಯಲ್ಲಿ?"

ಸಚಿವರು ಎದ್ದು ಚಪ್ಪಲಿಗಳನ್ನು ಮತ್ತೆ ಹೊರಗೆ ಜೋಡಿಸಲು ಹೋದರು.

ಆಗಸ್ಟ್ 7, ಬುಧವಾರ

ಮಾತಿಲ್ಲ. ಸಾರಿಗೆ ಉಪ್ಪಿಲ್ಲ. ಸಿಲಿಂಡರ್ ತುಂಬಿಸಿಕೊಂಡು, ಬೆಡ್‌ಶೀಟಿನಲ್ಲಿ ಸುತ್ತಿ, ಹಿಂದಿನ ಬಾಗಿಲಿನಿಂದ ತಂದೆ. ಹೆಣ ಸಾಗಿಸಿದ ಹಾಗೆ ಕಾಣುತ್ತಿತ್ತು ಎಂದು ಹುದಾ ಇಂಗ್ಲಿಷಿನಲ್ಲಿ ಹೇಳಿದಳು.

ಆಗಸ್ಟ್ 12, ಸೋಮವಾರ

ಬೆಳಿಗ್ಗೆ ಹಲ್ಲುಜ್ಜುವಾಗ ಮಿಷನ್ ಕೂಗಿತು. ಕರೆಂಟು ಹೋದರೆ ಅದು ಕರುವನ್ನು ಕಳೆದುಕೊಂಡ ಎಮ್ಮೆಯಂತೆ ಕೂಗುತ್ತದೆ. ಸ್ವರ್ಣಾಗೆ ಸಿಲಿಂಡರ್ ಹಾಕಿ ಟ್ರಿಪ್ ಎತ್ತಲು ಹೋದೆ. ಮುಝಫ್ಫರ್ ಎದುರು ಬಂದ.

"ಟ್ರಿಪ್ ಅಲ್ಲ ದಾಸಣ್ಣ. ಹೊರಗೆ ಮೀಟರ್ ಪೆಟ್ಟಿಗೆಗೆ ಸೀಲ್ ಹಾಕಿ ಹೋಗಿದ್ದಾರೆ."

ಪೃಥ್ವಿರಾಜ್‌ಗೆ ಫೋನ್ ಮಾಡಿದೆ. ಅವನು ದುಬೈಯಲ್ಲಿದ್ದಾನೆ, ಅಲ್ ಕೂಜ್‌ನ ಯಾವುದೋ ಗೋದಾಮಿನಲ್ಲಿ ಹೊಸ ಕೆಲಸ. ಹಿಂದೆ ಫೋರ್ಕ್‌ಲಿಫ್ಟಿನ ಪೀಂ ಪೀಂ.

"ಅಂಕಲ್, ಹೇಳ್ಬೇಕು ಅಂತಿದ್ದೆ. ನಾನು ಆ ವಿಲ್ಲಾ ಬಿಟ್ಟೆ. ಲೈನ್ ಕ್ಲೋಸ್ ಮಾಡ್ಲಿಕ್ಕೆ ಕೊಟ್ಟಿದ್ದೆ."

"ಒಳಗೆ ನಾವಿದ್ದೇವಲ್ಲ ಮಾರಾಯ."

"ಅದಕ್ಕೇ ಅಲ್ವಾ ಅಂಕಲ್ ಅವರು ಬಂದು ಚೆಕ್ ಮಾಡುದು. ಜನ ಇದ್ರೆ ಕಟ್ ಮಾಡುದಿಲ್ಲ. ನೀವು ಮಾತಾಡಿಕೊಳ್ತೀರಿ ಅಂದ್ಕೊಂಡೆ. ಬಾಗಿಲು ಯಾಕೆ ತೆಗೀಲಿಲ್ಲ ನೀವು?"

"ತೆಗೀಬೇಡಿ ಅಂದವ ನೀನೇ."

"ಅದು ಮುನಿಸಿಪಾಲಿಟಿಯವರಿಗೆ ಅಂಕಲ್. ಇವರು ಕರೆಂಟಿನವರು."

ಬೆಲ್ಲಿನ ಸದ್ದಿನಲ್ಲೇ ಇಲಾಖೆ ಗುರುತಿಸುವ ವಿದ್ಯೆ ಚಪ್ಪಲಿ ಸಚಿವರಿಗಿಲ್ಲ. ಮಂಗಳವಾರ ನಾವು ಎಷ್ಟು ಚೆನ್ನಾಗಿ ಇಲ್ಲದೆ ಹೋದೆವೆಂದರೆ, ಆ ಪುಣ್ಯಾತ್ಮ ಮನೆ ಖಾಲಿಯಿದೆಯೆಂದು ಬರೆದುಕೊಂಡು ಹೋದ. ನಮ್ಮ ಕರೆಂಟನ್ನು ನಾವೇ ಕತ್ತರಿಸಿಕೊಂಡೆವು, ಲುಂಗಿಯಲ್ಲಿ ಚಪ್ಪಲಿ ಕಟ್ಟಿಕೊಂಡು.

ಸಿಲಿಂಡರಿನ ಗಾಳಿ ಸಂಜೆಯವರೆಗೆ ಸಾಲುವುದಿಲ್ಲ. ಹೊರಗೆ ಆಗಸ್ಟಿನ ಬಿಸಿಲು, ಒಳಗೆ ಪ್ಲೈವುಡ್ಡಿನ ಒಲೆ. ಆಸ್ಪತ್ರೆಗೆ ಹೋಗೋಣವೆಂದೆ. ನಫೀಸ ತಡೆದಳು: "ಆಸ್ಪತ್ರೆ ಎಷ್ಟು ದಿನ ಇಟ್ಕೊಳ್ತದೆ ಅಣ್ಣ, ಅಕ್ಕನಿಗೆ ಬೇಕಾದ್ದು ಪ್ಲಗ್ಗು. ನಮ್ಮ ಅಂಗಡಿಯಲ್ಲಿ ಉಂಟು. ಎಸಿ ಸಹ ಉಂಟು."

ಹೀಗೆ ನನ್ನ ಹೆಂಡತಿ ಈಗ ಮುಝಫ್ಫರನ ಅಬಾಯಾ ಅಂಗಡಿಯಲ್ಲಿ, ಎರಡು ಬೊಂಬೆಗಳ ನಡುವೆ, ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗಿಗೆ ಮಿಷನ್ ಹಾಕಿಕೊಂಡು ಕೂತಿದ್ದಾಳೆ. ಸಂಜೆ ಹೋದಾಗ ಗಿರಾಕಿಯೊಬ್ಬಳಿಗೆ ಕೈಸನ್ನೆಯಲ್ಲಿ ತೋಳು ಉದ್ದವಾಯಿತೆಂದು ತಿಳಿಸುತ್ತಿದ್ದಳು. ಆಕೆ ಒಪ್ಪಿ ಬೇರೆಯದನ್ನು ಕೊಂಡಳು. ಮುಝಫ್ಫರ್ ಹೇಳಿದ, "ಸ್ವರ್ಣಕ್ಕ ತಿಂಗಳು ಕೂತರೆ ನಾನು ಇನ್ನೊಂದು ಅಂಗಡಿ ತೆಗೀತೇನೆ."

"ತಿಂಗಳು ಕೂರುದಿಲ್ಲ," ಎಂದೆ. ಸ್ವಲ್ಪ ಜೋರಾಗಿಯೇ ಬಂತು ಮಾತು. ಬೊಂಬೆ ಬಿಟ್ಟು ಎಲ್ಲರೂ ತಿರುಗಿ ನೋಡಿದರು.

ಆಗಸ್ಟ್ 13, ಮಂಗಳವಾರ

ಕರೆಂಟ್ ಆಫೀಸು. ಕೌಂಟರಿನಲ್ಲಿ ಮುಹ್ಸಿನಾ ಎಂಬ ಹುಡುಗಿ, ಮಲಬಾರಿನವಳು. ಹಿಂದಿಯಲ್ಲಿ ಮಾತು.

"ಸರ್, ಆ ಮನೆ ಖಾಲಿ ಇದೆ."

"ನಾನು ಆ ಮನೆಯವನು."

"ಸಿಸ್ಟಮ್‌ನಲ್ಲಿ ಯಾರೂ ಇಲ್ಲ ಸರ್."

"ಸಿಸ್ಟಮ್‌ನಲ್ಲಿ ನಾನು ವಾಸ ಮಾಡುವುದಲ್ಲಮ್ಮ. ಖಲೀಫಾ ಸಿಟಿಯಲ್ಲಿ."

ಖಾತೆ ಯಾರ ಹೆಸರಲ್ಲಿದೆಯೋ ಅವರೇ ಬರಬೇಕು ಎಂದಳು. ಅವನು ಬಿಟ್ಟುಹೋಗಿದ್ದಾನೆ ಎಂದೆ. ಹಾಗಾದರೆ ಮಾಲೀಕರು ಬರಲಿ ಎಂದಳು. ನಾನಿರುವುದು ಮಾಲೀಕರಿಗೇ ಗೊತ್ತಿಲ್ಲ ಎಂದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ದೆವ್ವಕ್ಕೆ ಟೋಕನ್ ಕೊಟ್ಟುಬಿಟ್ಟೆನೇ ಎಂಬ ನೋಟ.

ಇಪ್ಪತ್ತು ವರ್ಷದಲ್ಲಿ ನಾನು ಯಾವ ಕೌಂಟರಿನಲ್ಲೂ ಎರಡನೇ ಸಲ ಕೇಳಿದವನಲ್ಲ. "ಓಕೆ ಥ್ಯಾಂಕ್ಯೂ" ಅಂದು ಹೊರಟುಬಿಡುವುದು ನನ್ನ ಕುಲಾಚಾರ. ಇವತ್ತು ಏನಾಯಿತೋ, ಕುರ್ಚಿ ಮೆತ್ತಗಿತ್ತು, ಏಳಲು ಮನಸ್ಸಾಗಲಿಲ್ಲ.

"ನೋಡಮ್ಮ," ಎಂದೆ. "ನನ್ನ ಹೆಂಡತಿ ಮಿಷನ್ನಿನಲ್ಲಿ ಉಸಿರಾಡುವವಳು. ಈಗ ಬಟ್ಟೆ ಅಂಗಡಿಯಲ್ಲಿ ಬೊಂಬೆಗಳ ಜೊತೆ ಇದ್ದಾಳೆ. ಆ ದಿನ ನಿಮ್ಮವರು ಬೆಲ್ ಮಾಡಿದಾಗ ನಾವು ಒಳಗೇ ಇದ್ದೆವು. ಹೆದರಿ ತೆಗೆಯಲಿಲ್ಲ. ತಪ್ಪು ನಮ್ಮದು. ದಂಡ ಇದ್ದರೆ ನನಗೆ ಹಾಕಿ. ಕರೆಂಟು ಮಾತ್ರ ಅವಳಿಗೆ ಕೊಡಿ. ಅಲ್ಲಿಯವರೆಗೆ ನಾನು ಈ ಕುರ್ಚಿಯಲ್ಲೇ ಇರುತ್ತೇನೆ. ನಿಮ್ಮ ಸಿಸ್ಟಮ್‌ನಲ್ಲಿ ಇಲ್ಲದ ಮನುಷ್ಯನನ್ನು ಎಬ್ಬಿಸುವುದು ಹೇಗೆ ಎಂದು ನೀವೇ ನೋಡಿಕೊಳ್ಳಿ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮುಹ್ಸಿನಾ ನಗಲಿಲ್ಲ. ಒಳಗೆ ಹೋಗಿ ಬಂದಳು. ಮನೆಯಲ್ಲಿ ರೋಗಿ ಮಿಷನ್ ಮೇಲಿದ್ದರೆ ಬೇರೆ ಕಣ್ಣಿನಿಂದ ನೋಡುತ್ತೇವೆ, ಡಾಕ್ಟರ ಪತ್ರ ತನ್ನಿ, ಗುರುವಾರ ಇನ್‌ಸ್ಪೆಕ್ಟರ್ ಮತ್ತೆ ಬರುತ್ತಾರೆ ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಈ ಸಲ ಬಾಗಿಲು ತೆಗೀರಿ ಅಂಕಲ್."

ಗಂಟಲು ಕೆರೆಯುತ್ತಿದೆ. ಎಸಿಯ ಧೂಳಿರಬೇಕು.

ಆಗಸ್ಟ್ 14, ಬುಧವಾರ

ಸಂಜೆ, ಕರೆಂಟಿಲ್ಲದ ಅಡುಗೆಮನೆಯಲ್ಲಿ ಸಭೆ. ಎಲ್ಲರೂ ಎರಡು ದಿನದಿಂದ ಕಾರಿನಲ್ಲಿ, ಸಂಬಂಧಿಕರ ಸೋಫಾದಲ್ಲಿ ಮಲಗಿದವರು. ಬೆವರಿನ ಜೊತೆ ಸಿಟ್ಟೂ ಇಳಿಯುತ್ತಿತ್ತು.

ಮೂಲೆ ರೂಮಿನ ಯಶ್ಮಿತಾ ಕೇಳಿದಳು: "ಅಂಕಲ್, ನೀವು ಇಷ್ಟು ಜನ ಇದ್ದೇವೆ ಅಂತ ಆಫೀಸಲ್ಲಿ ಹೇಳಿದ್ರಾ?"

"ನಾವಿಬ್ಬರು ಅಂತ ಮಾತ್ರ ಗೊತ್ತು."

"ಅಷ್ಟೇ ಗೊತ್ತಿರಲಿ," ಎಂದ ಮುಝಫ್ಫರ್. "ಒಳ್ಳೆಯದೇ ಆಯ್ತು. ನಾಳೆ ಮನೆಯಲ್ಲಿ ದಾಸಣ್ಣ, ಸ್ವರ್ಣಕ್ಕ ಇಬ್ಬರೇ. ನಾವು ರೂಮಿನ ಬಾಗಿಲು ಹಾಕಿ ಕೂರುವ. ಲೈನ್ ಬಂದ ಮೇಲೆ ಯಥಾಪ್ರಕಾರ." ಅವನ ದನಿ ಸಣ್ಣದಾಯಿತು. "ಹುದಾಳ ಸ್ಕೂಲು ಇಲ್ಲೇ ಹತ್ತಿರ ದಾಸಣ್ಣ. ಈಗ ಎಬ್ಬಿಸಿದ್ರೆ ಎಲ್ಲಿಗೆ ಹೋಗುದು?"

ಸ್ವರ್ಣಾಗೆ ಪ್ಲಗ್ಗು ಕೊಟ್ಟವನು ಅವನು. ಆಯಿತೆಂದೆ. ಸಭೆ ಮುಗಿಯಿತು. ಚಪ್ಪಲಿ ಖಾತೆಗೆ ರಾಜೀನಾಮೆ ಕೊಡಲು ನೆನಪಾಗಲಿಲ್ಲ.

ಅಂಗಡಿಗೆ ಹೋಗಿ ಸ್ವರ್ಣಾಗೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ. "ನಫೀಸನ ಮಗು ಅಲ್ವಾ," ಎಂದಳು. ಆಮೇಲೆ, "ಆದ್ರೆ ನಾಳೆ ನಾನು ಮನೆಯಲ್ಲಿರ್ತೇನೆ. ಸಿಲಿಂಡರ್ ಹಾಕ್ಕೊಂಡು. ಅವನ ಮುಖ ನೋಡ್ಬೇಕು ನಂಗೆ. ಆ ದಿನ ನೆರಳು ಮಾತ್ರ ನೋಡಿದ್ದು."

ಆಗಸ್ಟ್ 15, ಗುರುವಾರ

ಬೆಲ್ ಆಯಿತು. ನಾನು ಬಾಗಿಲು ತೆಗೆದೆ. ಇಷ್ಟು ಸುಲಭದ ಕೆಲಸವೆಂದು ಯಾರೂ ಹೇಳಿರಲಿಲ್ಲ.

ಇನ್‌ಸ್ಪೆಕ್ಟರ್ ಹೈದರಾಬಾದಿನ ಎಳೆಯ ಮನುಷ್ಯ. ಸ್ವರ್ಣಾ ಪಡಸಾಲೆಯ ಕುರ್ಚಿಯಲ್ಲಿ, ಕಾಲ ಬಳಿ ಸಿಲಿಂಡರ್. ಅದರ ಮೀಟರಿನ ಮುಳ್ಳು ಕೆಂಪು ಪಟ್ಟಿಯ ಹತ್ತಿರ ಬಂದಿತ್ತು.

"ಆ ದಿನ ನಾನೇ ಬಂದಿದ್ದೆ," ಎಂದ. "ಸುತ್ತ ನೋಡಿದೆ. ಕಿಟಕಿ ಬಡಿದೆ. ಅಮ್ಮ ಎಲ್ಲಿದ್ದರು?"

"ಅದೇ ಕಿಟಕಿಯ ಹಿಂದೆ," ಎಂದಳು ಸ್ವರ್ಣಾ, ಅವಳ ಮುರುಕು ಹಿಂದಿಯಲ್ಲಿ. "ಉಸಿರು ಹಿಡ್ಕೊಂಡಿದ್ದೆ, ನಿಮಗೆ ಕೇಳ್ಬಾರದು ಅಂತ."

ಅವನು ಟ್ಯಾಬ್ ಕೆಳಗಿಳಿಸಿದ. ಆಮೇಲೆ ಕೇಳಿದ: "ಮನೆಯಲ್ಲಿ ಎಷ್ಟು ಜನ ಸಾಬ್?"

"ಇಬ್ಬರು."

"ಇಬ್ಬರೇ?" ಗೋಡೆಯ ಮೇಲೆ ಹಾವಿನ ಮರಿಗಳ ಹಾಗೆ ಹರಿದ ವೈರುಗಳನ್ನು ನೋಡಿದ. "ಇಬ್ಬರು ಅಂದರೆ ಒಂದು ಎಸಿ, ಒಂದು ಫ್ರಿಜ್ಜು, ಅಮ್ಮನ ಮಿಷನ್. ಬಾಕಿ ರೂಮುಗಳ ಲೈನು ತೆಗೆಸಿ, ಅಷ್ಟಕ್ಕೇ ಲೋಡು ಬರೆದು ಕೊಡ್ತೇನೆ. ಆಮೇಲೆ ಯಾರಾದರೂ ಕದ್ದು ಇನ್ನೊಂದು ಎಸಿ ಹಾಕಿದರೆ ಟ್ರಿಪ್ ಆಗ್ತದೆ. ಮೊದಲು ನಿಲ್ಲೋದು ಅಮ್ಮನ ಮಿಷನ್ನು. ಯೋಚಿಸಿ ಹೇಳಿ."

ಪ್ಲೈವುಡ್ಡಿನ ಹಿಂದೆ ಎಂಟರಲ್ಲಿ ಏಳು ಸಂಸಾರ ಉಸಿರು ಬಿಗಿಹಿಡಿದಿತ್ತು. ಆ ಮೌನ ನನಗೆ ಚೆನ್ನಾಗಿ ಗೊತ್ತು, ನಾನೇ ಅದರ ಸಚಿವ. ಸ್ವರ್ಣಾಳ ಕಡೆ ನೋಡಿದೆ. ಮುಳ್ಳು ನೋಡಿದೆ.

"ಎಂಟು ಸಂಸಾರ," ಎಂದೆ. "ಬರೆದುಕೊಳ್ಳಿ. ಎಂಟು ಎಸಿ. ನಾಲ್ಕು ಒಲೆ. ಟೀವಿಗಳ ಲೆಕ್ಕ ಇಟ್ಟಿಲ್ಲ. ನಾವು ಕಳ್ಳರಲ್ಲ. ಬೆಳಿಗ್ಗೆ ಎದ್ದು ನಿಮ್ಮ ಹಾಗೆಯೇ ಕೆಲಸಕ್ಕೆ ಹೋಗುವವರು. ಇಷ್ಟು ದಿನ ಇಲ್ಲದವರ ಹಾಗೆ ಇದ್ದೆವು. ಇನ್ನು ಇದ್ದೇವೆ." ತಿರುಗಿ ಕನ್ನಡದಲ್ಲಿ ಕೂಗಿದೆ: "ಮುಝಫ್ಫರ್, ಹೊರಗೆ ಬಾ. ಯಶ್ಮಿತಾ, ಬಾರಮ್ಮ. ಎಲ್ಲರೂ ಬನ್ನಿ. ನನ್ನ ಮೇಲೆ ಸಿಟ್ಟು ಮಾಡುವುದಾದರೆ ಎದುರಿಗೇ ಬಂದು ಮಾಡಿ."

ತುಂಬ ಹೊತ್ತು ಯಾರೂ ಬರಲಿಲ್ಲ. ನನ್ನ ಮಾತು ಪ್ಲೈವುಡ್ಡಿಗೆ ಬಡಿದು ಹಿಂದೆ ಬಂತು.

ಮೊದಲು ತೆರೆದದ್ದು ಎದುರು ರೂಮು. ಮುಝಫ್ಫರ್ ಬನಿಯನ್ನಿನಲ್ಲಿ ನಿಂತಿದ್ದ. "ಮಾತು ಕೊಟ್ಟಿದ್ರಿ ದಾಸಣ್ಣ," ಎಂದ.

"ಹೌದು. ಮುರಿದೆ."

ಅವನು ಸಿಲಿಂಡರಿನ ಕಡೆ ನೋಡಿದ. ಅಷ್ಟರಲ್ಲಿ ನಫೀಸ ಅವನನ್ನು ಪಕ್ಕಕ್ಕೆ ಸರಿಸಿ ಹೊರಬಂದಳು, ಇನ್‌ಸ್ಪೆಕ್ಟರಿಗೆ ನೀರಿನ ಲೋಟ ಹಿಡಿದುಕೊಂಡು. ಹುದಾ ಅವಳ ಹಿಂದೆ. "ಮಾಮಾ, ಆರ್ ವಿ ಅಲೌಡ್ ಟು ಟಾಕ್ ನೌ?"

"ಮಾತಾಡು," ಎಂದಳು ಸ್ವರ್ಣಾ.

ಒಂದೊಂದೇ ಬಾಗಿಲು ತೆರೆಯಿತು. ಒಂದು ಮಾತ್ರ ಕೊನೆಯವರೆಗೂ ತೆರೆಯಲಿಲ್ಲ.

ಇನ್‌ಸ್ಪೆಕ್ಟರ್ ನೀರು ಕುಡಿದು, ಹೊರಗೆ ಹೋಗಿ ಮಾಲೀಕರೊಂದಿಗೆ ಫೋನಿನಲ್ಲಿ ಅರಬ್ಬಿಯಲ್ಲಿ ಮಾತಾಡಿದ. ಮಾಲೀಕರು ಮದೀನತ್ ಜಾಯೆದ್‌ನಲ್ಲಿರುವ ಹಿರಿಯರು. ಎಂಟು ಸಂಸಾರ ಎಂದಾಗ ಅವರ ದನಿ ಫೋನಿನಿಂದ ಅಂಗಳಕ್ಕೆ ಕೇಳಿತು. ಆಮೇಲೆ ತಗ್ಗಿತು. "ರೋಗಿ ಯಾರು, ಏನು ಕಾಯಿಲೆ ಅಂತ ಕೇಳಿದರು," ಎಂದ ಇನ್‌ಸ್ಪೆಕ್ಟರ್. "ಮೊದಲು ಲೈನ್ ಹಾಕು, ಜಗಳ ಆಮೇಲೆ ಅಂದರು."

ಸಂಜೆಯೊಳಗೆ ಸೀಲ್ ತೆಗೆದರು. ಮಿಷನ್ ಗುರ್ರೆಂದಿತು. ಸ್ವರ್ಣಾ ರೇಡಿಯೋದಲ್ಲಿ ಇಷ್ಟದ ಹಾಡು ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡಳು.

ಆಗಸ್ಟ್ 24, ಶನಿವಾರ

ಒಂದು ವಾರ ಬರೆಯಲು ಪುರುಸೊತ್ತಾಗಲಿಲ್ಲ. ಜಗಳಗಳಿದ್ದವು.

ಮಾಲೀಕರು ಖುದ್ದು ಬಂದು ಪ್ಲೈವುಡ್ ಗೋಡೆಗಳನ್ನು ತಟ್ಟಿ ನೋಡಿ ತಲೆ ಕೊಡವಿದರು. ತೀರ್ಪು: ಗೋಡೆಗಳೆಲ್ಲ ಬೀಳಬೇಕು. ಏಳು ಸಂಸಾರಗಳು ಅಕ್ಟೋಬರ್ ಮುಗಿಯುವುದರೊಳಗೆ ಬೇರೆ ಮನೆ ನೋಡಿಕೊಳ್ಳಬೇಕು. ಕೆಳ ಅಂತಸ್ತಿನ ಎರಡು ಕೋಣೆ ಒಂದು ವರ್ಷಕ್ಕೆ ನಮಗೆ, ನನ್ನ ಹೆಸರಿನ ಕರಾರಿನಲ್ಲಿ. ಕರೆಂಟ್ ಖಾತೆ ನನ್ನ ಹೆಸರಿಗೆ ಬಂದಿದೆ, ಪಕ್ಕದಲ್ಲಿ ರೋಗಿಯ ಗುರುತು: ತಿಳಿಸದೆ ಕತ್ತರಿಸಬಾರದು. ಮುಹ್ಸಿನಾ ಪರದೆ ತಿರುಗಿಸಿ ತೋರಿಸಿದಳು. "ಅಂಕಲ್, ಈಗ ನೀವು ಸಿಸ್ಟಮ್‌ನಲ್ಲಿದ್ದೀರಿ."

ಬಾಗಿಲು ತೆರೆಯದ ರೂಮಿನವರು ನನ್ನೊಡನೆ ಮಾತಾಡುವುದಿಲ್ಲ. ಅವರ ಸಿಟ್ಟು ನ್ಯಾಯವಾದದ್ದೇ, ಇದಕ್ಕೆ ನನ್ನಲ್ಲಿ ತಮಾಷೆಯ ಉತ್ತರವಿಲ್ಲ. ಮುಝಫ್ಫರ್ ಮೂರು ದಿನ ಮುಖ ತಿರುಗಿಸಿದ್ದ. ನಾಲ್ಕನೇ ದಿನ ಹುದಾಳ ಸ್ಕೂಲ್ ಬಸ್ಸು ಬರುವ ದಾರಿಯಲ್ಲೇ ಒಂದು ಫ್ಲ್ಯಾಟ್ ಸಿಕ್ಕಿತೆಂದು ತಾನಾಗಿ ಬಂದು ಹೇಳಿದ. "ಬೆಲ್ ಮಾಡಿದ್ರೆ ತೆಗೆಯುವಂಥ ಮನೆ ದಾಸಣ್ಣ," ಎಂದ. ಹೊಗಳಿದನೋ ಚುಚ್ಚಿದನೋ ಗೊತ್ತಾಗಲಿಲ್ಲ. ಎರಡೂ ಇರಬೇಕು.

ಪೃಥ್ವಿರಾಜ್ ಫೋನ್ ಮಾಡಿದ್ದ. "ಅಂಕಲ್, ಒಂದೇ ಊರಿನ ಕಡೆಯವರಾಗಿ ನೀವು ನನ್ನ ಮರ್ಯಾದೆ ತೆಗೆದ್ರಿ."

"ಒಂದೇ ಊರಿನ ಕಡೆಯವನಾಗಿ ನೀನು ಅವಳ ಉಸಿರು ತೆಗೀತಿದ್ದಿ ಮಾರಾಯ. ನಿನ್ನ ಮರ್ಯಾದೆಯನ್ನು ಯಾವ ಪ್ಲಗ್ಗಿಗೆ ಹಾಕ್ಬೇಕು ಹೇಳು, ಹಾಕ್ತೇನೆ," ಎಂದೆ. ಇಟ್ಟುಬಿಟ್ಟ.

ಗಂಟಲು ಇನ್ನೂ ಸರಿಯಾಗಿಲ್ಲ. ಸ್ವರ್ಣಾ ಶುಂಠಿ ಕಷಾಯ ಮಾಡಿ ಕೊಟ್ಟಳು. "ನೀವು ಈಗೀಗ ತುಂಬ ಕಿರುಚುತ್ತೀರಿ," ಎಂದಳು. ನಾನು ಎಲ್ಲಿ ಕಿರುಚಿದ್ದೇನೆ? ಎಸಿಯ ಧೂಳು ಎಂದರೆ ಕೇಳುವುದಿಲ್ಲ. ಇವತ್ತು ಸಾರಿಗೆ ಉಪ್ಪು ಸರಿಯಾಗಿತ್ತು.

ಇವತ್ತು ಸಿಲಿಂಡರ್ ತುಂಬಿಸುವ ಗಾಡಿಗೆ ಮುಂದಿನ ಗೇಟಿಗೇ ಬರಲು ಹೇಳಿದ್ದೆ, ಹಾಡಹಗಲಲ್ಲಿ, ಬೆಡ್‌ಶೀಟ್ ಇಲ್ಲದೆ. ಬಂತು. ಆದರೆ ಗೇಟಿಗೆ ಅಡ್ಡವಾಗಿ ಯಾರೋ ಮಹಾನುಭಾವರು ಬಿಳಿ ಕಾರು ನಿಲ್ಲಿಸಿದ್ದರು. ಡ್ರೈವರ್ ಹಾರ್ನ್ ಮಾಡಿ ಮಾಡಿ ಹೊರಟುಹೋದ. ನಾಳೆ ಬೆಳಿಗ್ಗೆ ಮತ್ತೆ ಬರುತ್ತಾನೆ. ಬೇರೆ ಕಾಗದ ಹುಡುಕುವ ತಾಳ್ಮೆ ನನಗಿಲ್ಲ. ಈ ಪುಟವನ್ನೇ ಹರಿದು ಗೇಟಿಗೆ ಅಂಟಿಸುತ್ತೇನೆ. ಮೇಲೆ ಬರೆದ ನಮ್ಮ ಸಂಸಾರದ ಸಂಗತಿಗಳನ್ನು ಬೇಕಾದವರು ಓದಿಕೊಳ್ಳಲಿ.

ಬಿಳಿ ಕಾರಿನವರೇ, ಇದನ್ನು ಓದುತ್ತಿರುವ ಇತರರೇ: ಒಳಗೆ ನನ್ನ ಹೆಂಡತಿ ಆಕ್ಸಿಜನ್ ಮೇಲಿದ್ದಾಳೆ. ಕನ್ನಡ ಬಾರದವರು ಬೆಲ್ ಮಾಡಿದರೆ ಓದಿ ಹೇಳುತ್ತೇನೆ, ನಾವು ಮನೆಯಲ್ಲೇ ಇದ್ದೇವೆ. ಬೆಳಿಗ್ಗೆ ಎಂಟರೊಳಗೆ ದಯವಿಟ್ಟು ಗಾಡಿಯನ್ನು ಗೇಟಿನಿಂದ ನಾಲ್ಕು ಮಾರು ಹಿಂದಕ್ಕೆ ತೆಗೆಯಿರಿ.